ಏಳು ಹಾಲಿಗೆ ಆರು ಕಲ್ದಾರ್

2025ರ ಸೆಪ್ಟೆಂಬರ್ 17ರಂದು ನಮ್ಮ ಬಳ್ಳಾರಿಯ ಗಾಂಧಿನಗರದ ಕಾರ್ಯಕ್ರಮವೊಂದರಲ್ಲಿ ಭಾಷಣಕಾರರೊಬ್ಬರು, ‘ಬಳ್ಳಾರಿ ನಿಜಾಮನ ಕೈಯಿಂದ ಬಿಡುಗಡೆಯಾದ ದಿನ ಇದು’ ಅಂದರು. ಚಪ್ಪಾಳೆಯೂ ಬಿತ್ತು. ವರ್ಷಾ ವರ್ಷಾ ಯಾರಾದರೊಬ್ಬರು ಇದನ್ನು ಹೇಳುತ್ತಾರೆ, ವರ್ಷಾ ವರ್ಷಾ ನನಗೆ ಮೈ ಉರಿಯುತ್ತದೆ. ಹೈದರಾಬಾದಿನ ನಿಜಾಮ ಬಳ್ಳಾರಿಯನ್ನು 1800ರಲ್ಲೇ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟಿದ್ದ. 1947ರ ಆಗಸ್ಟ್ 15ಕ್ಕೆ ಮದ್ರಾಸ್ ಪ್ರಾಂತ್ಯದ ಜೊತೆಯಲ್ಲೇ ನಾವು ಸ್ವತಂತ್ರರಾದೆವು. ಸಂವಿಧಾನದ 371(ಜೆ) ಕಲಂ ನಮ್ಮ ಜಿಲ್ಲೆಯನ್ನು ಹೈದರಾಬಾದ್ ಕರ್ನಾಟಕದ ಪಟ್ಟಿಗೆ ಸೇರಿಸಿತು ಅಂದಮಾತ್ರಕ್ಕೆ ಇಲ್ಲದ ಇತಿಹಾಸ ನಮ್ಮದಾಗುವುದಿಲ್ಲ.

ಆ ಭಾಷಣವಾಗಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟವು. ಮರುದಿನ ಫ್ರಾನ್ಸ್. ‘ಅಂತೂ ಪ್ಯಾಲೆಸ್ಟೀನ್ ಒಂದು ದೇಶವಾಯಿತು’ ಎಂದು ಟಿ.ವಿ.ಯಲ್ಲಿ ಒಬ್ಬರು ತೀರ್ಪು ಕೊಟ್ಟರು. ಎರಡೂ ಮಾತಿನ ಹಿಂದಿರುವುದು ಒಂದೇ ಅಜ್ಞಾನ. ದೇಶವನ್ನು ಮೇಲಿದ್ದವರು ಕೊಡುತ್ತಾರೆ, ಕೆಳಗಿದ್ದವರು ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆ ಅದು. ಬೇರೆಯವರ ಮಾತು ಬಿಡಿ, ತುಂಗಭದ್ರೆಯ ದಂಡೆಯ ನಾವಾದರೂ ಇದನ್ನು ನಂಬಬಾರದು.

ಯಾಕೆಂದರೆ ದೇಶವಾಗಲು ಹೊರಟು ದೇಶವಾಗದ ರಾಜ್ಯವೊಂದು ನಮ್ಮ ಎದುರು ದಂಡೆಯಲ್ಲೇ ಇತ್ತು. ಹಂಪಿ ಮದ್ರಾಸಿನದು, ಹರಿಗೋಲಲ್ಲಿ ಹೊಳೆ ದಾಟಿದರೆ ಆನೆಗೊಂದಿ ನಿಜಾಮನದು. ಇಂಗ್ಲಿಷರು ಹೋದ ಮೇಲೆ ತಾನು ಸ್ವತಂತ್ರ ದೊರೆ ಎಂದು 1947ರ ಜೂನ್‌ನಲ್ಲೇ ನಿಜಾಮ ಫರ್ಮಾನು ಹೊರಡಿಸಿದ. ಅವನ ಹತ್ತಿರ ಏನಿರಲಿಲ್ಲ? 82 ಸಾವಿರ ಚದರ ಮೈಲಿ ನೆಲ, ಒಂದೂವರೆ ಕೋಟಿಗೂ ಮೀರಿದ ಜನ, ಸ್ವಂತ ರೈಲು, ಸ್ವಂತ ಅಂಚೆ, ಸ್ವಂತ ನಾಣ್ಯ, ಸ್ವಂತ ಸೈನ್ಯ. ಜನ, ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ ಎಂದು 1933ರ ಮಾಂಟೆವಿಡಿಯೊ ಒಪ್ಪಂದ ರಾಷ್ಟ್ರಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ. ಮೊದಲ ಮೂರರಲ್ಲಿ ಹೈದರಾಬಾದನ್ನು ಮೀರಿಸದ ಎಷ್ಟೋ ದೇಶಗಳಿಗೆ ಇವತ್ತು ವಿಶ್ವಸಂಸ್ಥೆಯಲ್ಲಿ ಕುರ್ಚಿ ಇದೆ. ಮದ್ರಾಸ್ ಸರ್ಕಾರವೂ ಹೈದರಾಬಾದನ್ನು ಸರಿಸಮವಾಗಿ ಕೂರಿಸಿಕೊಂಡೇ ತುಂಗಭದ್ರಾ ಅಣೆಕಟ್ಟಿನ ಕೆಲಸ ಹಿಡಿದದ್ದು. 1945ರ ಫೆಬ್ರುವರಿ 28ರಂದು ಈ ದಂಡೆಯಲ್ಲಿ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲು ಹಾಕಿದರೆ, ಆ ದಂಡೆಯಲ್ಲಿ ನಿಜಾಮನ ಮಗ, ಬೇರಾರಿನ ರಾಜಕುಮಾರ, ಹಾಕಿದ.

ನಮ್ಮ ಓಣಿಯಲ್ಲಿ ಎಂಬತ್ತೈದು ದಾಟಿದ ಹಿರಿಯರೊಬ್ಬರಿದ್ದಾರೆ. ಹುಟ್ಟೂರು ಸಿಂಧನೂರು ಕಡೆಯ ಹಳ್ಳಿ. ನಿಜಾಮನ ಪರ ಹಿಂಸೆಗಿಳಿದ ರಜಾಕಾರರ ಕಾಲದಲ್ಲಿ ಒಂದು ರಾತ್ರಿ ಅವರ ತಾಯಿ ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟಿ ಸಿರುಗುಪ್ಪಕ್ಕೆ ಬಂದರಂತೆ. ‘ಅವ್ವನ ಸೆರಗಿನ ತುದೀಗೆ ಹಾಲಿ ರೂಪಾಯಿ ಗಂಟು ಕಟ್ಟಿತ್ರಿ’ ಎಂದು ಅವರು ಈಗಲೂ ಬೆರಳು ಮಡಚಿ ತೋರಿಸುತ್ತಾರೆ. ‘ಮುಂಜಾನೆ ಜ್ವಾಳ ತರಾಕ ಹೋದ್ರ, ಅಂಗಡಿ ಶೆಟ್ಟರು ಒಂದೊಂದನ್ನೂ ಕಲ್ಲಿಗೆ ಬಡಿದು ಸಪ್ಪಳ ಕೇಳಿದರು. ಏಳು ಹಾಲಿಗೆ ಆರು ಕಲ್ದಾರ್ ಅಂತ ಲೆಕ್ಕ ಹಿಡಿದು ಜ್ವಾಳ ಅಳೆದರು.’ ಹಾಲಿ ನಿಜಾಮನ ರೂಪಾಯಿ, ಕಲ್ದಾರ್ ನಮ್ಮ ಕಡೆಯದು. ಸಿರುಗುಪ್ಪದ ಕಿರಾಣಿ ಅಂಗಡಿ ಒಪ್ಪಿದ ಆ ರಾಜ್ಯವನ್ನು ಜಗತ್ತಿನ ಒಂದು ಸರ್ಕಾರವೂ ಸ್ವತಂತ್ರ ದೇಶವೆಂದು ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ? ಸುತ್ತ ಭಾರತ, ಸಮುದ್ರಕ್ಕೆ ದಾರಿಯಿಲ್ಲ, ದೆಹಲಿಯ ಜೊತೆ ಮುಖ ಕೆಡಿಸಿಕೊಳ್ಳಲು ಲಂಡನ್ನಿಗೆ ಮನಸ್ಸಿಲ್ಲ. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಲ್ಲಿ ವಿದೇಶಾಂಗ ವ್ಯವಹಾರ ದೆಹಲಿಯಲ್ಲೇ ಉಳಿದಿತ್ತು. 1948ರ ಆಗಸ್ಟ್‌ನಲ್ಲಿ ನಿಜಾಮನ ಸರ್ಕಾರ ಭಾರತದ ವಿರುದ್ಧ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ಅದನ್ನು ಕೈಗೆತ್ತಿಕೊಂಡಾಗ, ದೂರು ಕೊಡುವ ಅಧಿಕಾರವೇ ಹೈದರಾಬಾದಿಗಿಲ್ಲ ಎಂದು ಭಾರತದ ಪರವಾಗಿ ವಾದಿಸಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಆಗ ಮೈಸೂರಿನ ದಿವಾನರು. ಹಿಂದಿನ ವರ್ಷವಷ್ಟೇ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ ಜನರ ಸಿಟ್ಟು ಏನೆಂಬುದನ್ನು ತಮ್ಮ ಬಾಗಿಲಲ್ಲೇ ಕಂಡಿದ್ದವರು. ಮರುದಿನ ಭಾರತ ಸೈನ್ಯದ ‘ಪೊಲೀಸ್ ಕಾರ್ಯಾಚರಣೆ’ಯೆದುರು ನಿಜಾಮ ಕೈಚೆಲ್ಲಿದ.

ಕಾನೂನು, ನಕ್ಷೆ, ವ್ಯಾಪಾರದ ಕಾರಣಗಳೆಲ್ಲ ನಿಜವೇ. ಆದರೆ ನನ್ನ ಪ್ರಕಾರ ಹೈದರಾಬಾದ್ ಬಿದ್ದದ್ದು ಪ್ಯಾರಿಸ್‌ನಲ್ಲಲ್ಲ, ಈ ಹೊಳೆಯ ದಂಡೆಯಲ್ಲಿ. ಸ್ವಾತಂತ್ರ್ಯ ಬೇಕೆಂದವನು ದೊರೆ. ಪ್ರಜೆಗಳು ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಹೊಳೆ ದಾಟುತ್ತಿದ್ದರು, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಿಜಾಮ ವಿರೋಧಿ ಶಿಬಿರ ಸೇರುತ್ತಿದ್ದರು. ಬಳ್ಳಾರಿ ಅವತ್ತು ಬಿಡುಗಡೆಯಾದ ಊರಲ್ಲ, ಓಡಿಬಂದವರಿಗೆ ಬಾಗಿಲು ತೆರೆದ ಸೀಮೆ. ವೇದಿಕೆಯ ಮೇಲೆ ಹೇಳಬೇಕಾದದ್ದು ಅದನ್ನು. ಅದರ ಜೊತೆಗೆ, ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಆ ಕಡೆ ಸಾವಿರಾರು ಮುಸ್ಲಿಮರು ಕೊಲೆಯಾದರು ಎಂಬ ಸುಂದರಲಾಲ್ ಸಮಿತಿಯ ವರದಿಯನ್ನೂ ಹೇಳಬೇಕು. ಅದನ್ನು ಮುಚ್ಚಿಟ್ಟು ಮಾಡುವ ಉತ್ಸವ ನನಗೆ ಬೇಡ.

ಜನ ಕೇಳಿದಾಗಲಾದರೂ ಸರ್ಕಾರಗಳು ತಡಮಾಡದೆ ಒಪ್ಪುತ್ತವೆಯೇ? ಅದೂ ಇಲ್ಲ. 1971ರ ಏಪ್ರಿಲ್‌ನಲ್ಲೇ ಬಾಂಗ್ಲಾದೇಶದ ಸರ್ಕಾರ ಪ್ರಮಾಣವಚನ ಸ್ವೀಕರಿಸಿತ್ತು. ಅದಕ್ಕೆ ಮುಂಚಿನ ಡಿಸೆಂಬರ್‌ನಲ್ಲಿ ಅಲ್ಲಿನ ಜನ ಮತಪೆಟ್ಟಿಗೆಯಲ್ಲೇ ಉತ್ತರ ಹೇಳಿಯಾಗಿತ್ತು. ಜಯಪ್ರಕಾಶ ನಾರಾಯಣರು ಮಾನ್ಯತೆ ಕೊಡಿ ಎಂದು ಒತ್ತಾಯಿಸುತ್ತಲೇ ಇದ್ದರು. ಇಂದಿರಾ ಗಾಂಧಿ ಕಾದರು. ಮಳೆಗಾಲ ಮುಗಿಯಬೇಕು, ಸೈನ್ಯ ಸಜ್ಜಾಗಬೇಕು, ಸೋವಿಯತ್ ಒಪ್ಪಂದ ಕೈಯಲ್ಲಿರಬೇಕು. ಡಿಸೆಂಬರ್ 3ರಂದು ಪಾಕಿಸ್ತಾನವೇ ಬಾಂಬು ಹಾಕಿದ ಮೇಲೆ, 6ರಂದು ಲೋಕಸಭೆಯಲ್ಲಿ ಮಾನ್ಯತೆಯ ಘೋಷಣೆ. ಅದೇ ದಿನ ಭೂತಾನ್ ಕೂಡ. ಅಮೆರಿಕಕ್ಕೆ 1972ರ ಏಪ್ರಿಲ್ ಬೇಕಾಯಿತು, ಚೀನಾಕ್ಕೆ 1975. ಚೀನಾದ ವೀಟೊ ದಾಟಿ ಬಾಂಗ್ಲಾ ವಿಶ್ವಸಂಸ್ಥೆ ಸೇರಿದ ದಿನಾಂಕ ನೋಡಿ: 1974ರ ಸೆಪ್ಟೆಂಬರ್ 17. ಕಾದದ್ದರಲ್ಲಿ ಯುದ್ಧತಂತ್ರದ ಜಾಣತನವಿತ್ತು, ಒಪ್ಪುತ್ತೇನೆ. ಆ ಎಂಟು ತಿಂಗಳ ಬೆಲೆ ತೆತ್ತವರು ಮಾತ್ರ ದೆಹಲಿಯಲ್ಲಿರಲಿಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಇವತ್ತಿಗೂ ಸಿಂಧನೂರಿನ ಆರ್.ಎಚ್. ಪುನರ್ವಸತಿ ಕ್ಯಾಂಪುಗಳಲ್ಲಿವೆ. ನಮ್ಮ ಹಾಗೆಯೇ ಭತ್ತ ನಾಟಿ ಮಾಡುತ್ತಾರೆ, ಸಂತೆಯಲ್ಲಿ ನಮ್ಮ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಅವರಲ್ಲಿ ಕೆಲವರಿಗೆ ಭಾರತದ ಪೌರತ್ವದ ಕಾಗದ ಸಿಕ್ಕಿದ್ದು 2024ರಲ್ಲಿ.

2008ರಲ್ಲಿ ಕೊಸೊವೊ ಸರ್ಬಿಯಾದಿಂದ ಬೇರೆಯಾಗಿ ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು, ಕಾಶ್ಮೀರ ನೆನಪಾಗಿ ನಾವು ಇನ್ನೂ ಒಪ್ಪಿಲ್ಲ. ಟಿಬೆಟಿನವರಿಗೆ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಭೂಮಿ ಕೊಟ್ಟೆವು, ಅವರ ಸರ್ಕಾರಕ್ಕೆ ಮಾನ್ಯತೆ ಕೊಡಲಿಲ್ಲ. ಪ್ರತಿ ಸರ್ಕಾರವೂ ಮೊದಲು ತನ್ನ ಮನೆಯ ಬಿರುಕು ನೋಡಿಕೊಳ್ಳುತ್ತದೆ. ಅಷ್ಟು ಅರ್ಥವಾಗುತ್ತದೆ. ನನಗೆ ಸಹಿಸಲಾಗದ್ದು ಬ್ರಿಟನ್ ಈ ಬಾರಿ ಮಾಡಿದ್ದು. ಇಸ್ರೇಲ್ ಕದನವಿರಾಮಕ್ಕೆ ಬಾರದಿದ್ದರೆ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಡುತ್ತೇವೆ ಎಂದು 2025ರ ಜುಲೈನಲ್ಲಿ ಅದರ ಪ್ರಧಾನಿ ಹೇಳಿದರು. ಅಂದರೆ ಇಸ್ರೇಲ್ ಮಾತು ಕೇಳಿದ್ದರೆ ಪ್ಯಾಲೆಸ್ಟೀನಿಯರ ಹಕ್ಕು ಹಾಗೇ ಕಾಯಬೇಕಿತ್ತೇ? ಒಂದು ಜನಾಂಗದ ಹಕ್ಕನ್ನು ಇನ್ನೊಬ್ಬರನ್ನು ಬೆದರಿಸುವ ಕೋಲು ಮಾಡಿಕೊಂಡರು.

ನಾವು ಆ ಮಾನ್ಯತೆಯನ್ನು 1988ರ ನವೆಂಬರ್‌ನಲ್ಲೇ ಕೊಟ್ಟವರು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ 2025ರ ಜೂನ್ 12ರಂದು ಗಾಜಾದಲ್ಲಿ ಕದನವಿರಾಮ ಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 149 ದೇಶಗಳು ಪರವಾಗಿ ನಿಂತವು, ಭಾರತ ಮತ ಹಾಕದೆ ಹಿಂದೆ ಸರಿಯಿತು. ತಾನೇ ದೇಶವೆಂದು ಒಪ್ಪಿದ ನೆಲದಲ್ಲಿ ಮಕ್ಕಳು ಸಾಯುತ್ತಿದ್ದಾಗ ಹಾಗೆ ತೆಪ್ಪಗಿದ್ದದ್ದು ನಾಚಿಕೆಗೇಡು. ಬ್ರಿಟನ್ನಿಗೆ ಬುದ್ಧಿ ಹೇಳುವ ಮೊದಲು ದೆಹಲಿ ಇದಕ್ಕೆ ಉತ್ತರ ಹೇಳಲಿ.