ಎರಡೂ ಓಮ್, ಗುಣ ಬೇರೆ

ಜಾತ್ರೆಯ ರಾತ್ರಿ ಭಜನೆ ನಡೆದಿದೆ. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫ ಸಾಹೇಬರ (1819-1889) ತತ್ವಪದ. ದಮ್ಮಡಿಯ ಪೆಟ್ಟು ಚೆನ್ನಾಗಿ ಕೇಳುತ್ತದೆ; ತಾಳದ ಝಣಝಣ ಮಾತ್ರ ಮಂಕು, ‘ಸ’ ‘ಶ’ ಅಕ್ಷರಗಳು ತೇಲಿ ಹೋಗುತ್ತವೆ. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಊರುಗಳಲ್ಲೂ ಹಳೆಯ ಸ್ಪೀಕರ್ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಇದು ಹೊಸದೇನಲ್ಲ. “ಹೊಸಾ ಪೆಟ್ಟಿಗಿ ತರೋಣ ಬಿಡ್ರಿ” ಎನ್ನುತ್ತಾರೆ ಹಿರಿಯರು. ಆದರೆ ದೋಷ ಬೆರಳ ತುದಿಯಷ್ಟು ದೊಡ್ಡ ಕೆಪಾಸಿಟರಿನದೂ ಇರಬಹುದು.

ಪೆಟ್ಟಿಗೆಯೊಳಗೆ ದೊಡ್ಡ ವೂಫರ್ ತಗ್ಗಿನ ಸ್ವರಗಳಿಗೆ, ಪುಟ್ಟ ಟ್ವೀಟರ್ ಏರು ಸ್ವರಗಳಿಗೆ. ಯಾವುದು ಯಾರಿಗೆಂದು ಹಂಚುವ ಮಂಡಲವೇ ಕ್ರಾಸ್‌ಓವರ್. ಅದರ ಅತಿ ಸರಳ ರೂಪವೆಂದರೆ ಟ್ವೀಟರಿನೊಂದಿಗೆ ಸರಣಿಯಲ್ಲಿ ಜೋಡಿಸಿದ ಒಂದು ಕೆಪಾಸಿಟರ್.

ಪರ್ಯಾಯ ವಿದ್ಯುತ್ತಿಗೆ ಕೆಪಾಸಿಟರ್ ಒಡ್ಡುವ ಅಡ್ಡಿಗೆ ರಿಯಾಕ್ಟನ್ಸ್ ಎಂದು ಹೆಸರು. ಆವೃತ್ತಿ ಏರಿದಂತೆ ಇದು ಇಳಿಯುತ್ತದೆ. 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ 100 ಹರ್ಟ್ಸ್‌ನಲ್ಲಿ ಸುಮಾರು 339 ಓಮ್ ಅಡ್ಡಿ ಒಡ್ಡಿದರೆ, 10,000 ಹರ್ಟ್ಸ್‌ನಲ್ಲಿ ಬರೀ 3.4 ಓಮ್. ಸುಮಾರು 4,200 ಹರ್ಟ್ಸ್‌ನಲ್ಲಿ ಅದು 8 ಓಮ್. ಟ್ವೀಟರಿನದೂ 8 ಓಮ್ ಎಂದಿಟ್ಟುಕೊಳ್ಳಿ. ಒಟ್ಟು 16 ಆಯಿತೇ? ಇಲ್ಲ, 11.3! ರೋಧ ಮತ್ತು ರಿಯಾಕ್ಟನ್ಸ್ ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡುತ್ತವೆ. ಪೈಥಾಗೊರಸನ ಪ್ರಮೇಯ ಇಲ್ಲೂ ಕೆಲಸಕ್ಕೆ ಬಂತು. ಈ ಆವೃತ್ತಿಯಲ್ಲಿ ಟ್ವೀಟರಿಗೆ ದಕ್ಕುವುದು ಅರ್ಧ ಸಾಮರ್ಥ್ಯ. ಇದೇ ಹಂಚಿಕೆಯ ಗಡಿ.

ರಿಯಾಕ್ಟನ್ಸ್ ಶಕ್ತಿಯನ್ನು ತಿನ್ನುವುದಿಲ್ಲ, ಇಟ್ಟುಕೊಂಡು ಮರಳಿಸುತ್ತದೆ. ಆದರೆ ಪ್ರತಿ ಕೆಪಾಸಿಟರಿನೊಳಗೂ ತುಸು ನಿಜವಾದ ರೋಧ ಇದ್ದೇ ಇರುತ್ತದೆ. ಅದು ಶಕ್ತಿಯನ್ನು ಶಾಖವಾಗಿಸುತ್ತದೆ. ಪ್ಲಾಸ್ಟಿಕ್ ಫಿಲ್ಮ್ ಬಗೆಯಲ್ಲಿ ಇದು ಅತ್ಯಲ್ಪ. ಎಲೆಕ್ಟ್ರೊಲಿಟಿಕ್ ಬಗೆಯಲ್ಲಿ ಹೆಚ್ಚು. ವರ್ಷಗಳು ಕಳೆದು ಒಳಗಿನ ದ್ರವ ಒಣಗಿದರೆ ಇನ್ನೂ ಹೆಚ್ಚು. ಅದು 2 ಓಮ್ ತಲುಪಿತೆನ್ನಿ: ಅತಿ ಏರು ಸ್ವರಗಳಲ್ಲಿ ಟ್ವೀಟರಿಗೆ ಸಿಗುವ ಸಾಮರ್ಥ್ಯ ಸುಮಾರು 64 ಪ್ರತಿಶತಕ್ಕೆ ಇಳಿಯುತ್ತದೆ. ಜೊತೆಗೆ ಧಾರಕತೆಯೂ 3 ಮೈಕ್ರೋಫ್ಯಾರಡ್‌ಗೆ ಕುಸಿದರೆ, ಗಡಿ 5,000 ಹರ್ಟ್ಸ್ ದಾಟುತ್ತದೆ. ಕಳೆದುಹೋದ ‘ಸ’ಕಾರದ ಗುಟ್ಟು ಇದೇ.

ಮಲ್ಟಿಮೀಟರಿನ ಓಮ್ ಮಾಪನದಿಂದ ಈ ರೋಧ ಸಿಗದು. ಅದು ನೇರ ವಿದ್ಯುತ್ತನ್ನು ಹರಿಸಿ ಅಳೆಯುತ್ತದೆ. ಕೆಪಾಸಿಟರ್ ತಡೆಯುವುದು ಅದನ್ನೇ! ಪರ್ಯಾಯ ವಿದ್ಯುತ್ತಿನಿಂದ ಅಳೆಯುವ ಎಲ್‌ಸಿಆರ್ ಮೀಟರ್ ಬೇಕು.

ಬದಲಿಸುವಾಗ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, ಧನ-ಋಣ ಭೇದವಿಲ್ಲದ ಬಗೆ ಇರಲಿ. ಕೆಪಾಸಿಟರ್ ಕಿತ್ತು ಬರೀ ತಂತಿ ಬೆಸೆದರೆ ತಗ್ಗಿನ ಸ್ವರಗಳೆಲ್ಲ ಒಳನುಗ್ಗಿ ಟ್ವೀಟರ್ ಸುಟ್ಟೀತು.

ಪಾಲಕರೇ, ಮನೆಯಲ್ಲಿ ಮೂಲೆಗೆ ಬಿದ್ದ ಸ್ಪೀಕರ್ ಇದೆಯೇ? ಆಂಪ್ಲಿಫಯರಿನಿಂದ ಬೇರ್ಪಡಿಸಿ, ಮಕ್ಕಳೊಂದಿಗೆ ಬಿಚ್ಚಿ ನೋಡಿ. ಪಿಯುಸಿ ಪುಸ್ತಕದ ಒಂದು ಪಾಠ ಆ ಪೆಟ್ಟಿಗೆಯಲ್ಲೇ ಕುಳಿತಿದೆ.