ಮೂತ್ರಪಿಂಡದ ಅರ್ಬುದವೂ ಸುಳ್ಳು ಡಂಗುರವೂ

ಮೂತ್ರಪಿಂಡದಲ್ಲಿ ಅರ್ಬುದವೆದ್ದವರ ಮನೆಗೆ ಬಂದು ‘ಇದು ಯಾವ ಜನ್ಮದ ಪಾಪದ ಫಲವೋ’ ಎನ್ನುವವರು ಈಗಲೂ ಉಂಟು. ಅಂಟೀತೆಂದು ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವವರೂ ಉಂಟು. ರೋಗದ ನೋವಿಗಿಂತ ಈ ನಡತೆಯ ನೋವೇ ಹೆಚ್ಚೆಂದು ಸೋದರಿಯೊಬ್ಬರು ನಮಗೆ ಬರೆದಿರುವರು. ಆದುದರಿಂದ ಈ ರೋಗವು ಬೆಳೆಯುವ ಬಗೆಯನ್ನು ಈ ತಿಂಗಳು ವಿಚಾರಿಸೋಣ.

ಅರ್ಬುದವೆಂಬ ಹೆಸರು ಸುಶ್ರುತಸಂಹಿತೆಯಷ್ಟು ಹಳೆಯದು. ಅದರ ಒಳಗಿನ ಕಾರಣವಾದರೋ ತೀರ ಈಚೆಗೆ ತಿಳಿದುಬಂದುದು.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಪ್ರಾಣವಾಯು, ಎಂದರೆ ಆಮ್ಲಜನಕ, ಬೇಕು. ಅದು ಕಡಮೆಯಾದಾಗ ಕೂಗಿ ಹೇಳಲು ಕೋಶದಲ್ಲಿ ‘ಹಿಫ್’ ಎಂಬ ಸಸಾರಜನಕವಿದೆ. ಇದನ್ನು ಬರಗಾಲದ ಡಂಗುರ ಹೊಡೆಯುವ ತಳವಾರನೆಂದು ಭಾವಿಸಬಹುದು. ಕೋಶವು ಈ ತಳವಾರನನ್ನು ಸದಾ ಸಿದ್ಧಪಡಿಸುತ್ತಲೇ ಇರುವುದು. ಆಮ್ಲಜನಕವು ಸಾಕಷ್ಟಿದ್ದರೆ ಅವನ ಮೈಮೇಲೆ ಒಂದು ಗುರುತು ಬೀಳುವುದು. ಆ ಗುರುತನ್ನು ಕಂಡೊಡನೆ ‘ವಿ.ಎಚ್.ಎಲ್.’ ಎಂಬ ಮತ್ತೊಂದು ಸಸಾರಜನಕವು ಅವನನ್ನು ಹಿಡಿದು ನಾಶಕ್ಕೊಪ್ಪಿಸುವುದು. ಆಮ್ಲಜನಕವು ಸಾಲದಾದಾಗ ಗುರುತು ಬೀಳದು. ಆಗ ಹಿಫ್ ಉಳಿದು, ಕೋಶದ ನಡುಮನೆಯನ್ನು ಹೊಕ್ಕು, ಜೊತೆಗಾರನೊಬ್ಬನೊಡನೆ ಸೇರಿ ಡಂಗುರ ಸಾರುವುದು: ‘ಹೊಸ ರಕ್ತನಾಳಗಳು ಬೇಕು, ಕೆಂಪು ರಕ್ತಕಣಗಳು ಬೇಕು!’ ಎತ್ತರದ ಬೆಟ್ಟನಾಡಿನಲ್ಲಿ ಕೆಲಕಾಲ ನಿಂತವರ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುವುದು ಇದರಿಂದಲೇ. ಈ ರಹಸ್ಯವನ್ನು ಬಿಡಿಸಿದುದಕ್ಕಾಗಿ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನವು ಸಂದಿತು.

ಮೂತ್ರಪಿಂಡದ ಅರ್ಬುದಗಳಲ್ಲಿ ಸುಮಾರು ಮುಕ್ಕಾಲು ಪಾಲು, ಸೂಕ್ಷ್ಮದರ್ಶಕದಲ್ಲಿ ತಿಳಿಯಾಗಿ ಕಾಣುವ ಕೋಶಗಳವು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ವಿ.ಎಚ್.ಎಲ್. ಕೆಟ್ಟುಹೋಗಿರುವುದು. ತಳವಾರನನ್ನು ತಡೆಯುವವರಿಲ್ಲ. ಕೆರೆ ತುಂಬಿದ್ದರೂ ಬರವೆಂಬ ಡಂಗುರ ನಿಲ್ಲದು. ಆ ಸುಳ್ಳು ಕೂಗನ್ನು ನಂಬಿ ಸುತ್ತಲಿನ ರಕ್ತನಾಳಗಳು ಕವಲೊಡೆದು ಬರುವುವು. ಅವು ತಂದ ಆಹಾರವನ್ನುಂಡು ಗಂಟು ಬೆಳೆಯುವುದು. ಇದರಲ್ಲಿ ಮುಖ್ಯ ಅಪರಾಧಿಯು ಹಿಫ್ ಕುಲದ ಎರಡನೆಯ ಬಗೆ.

ಇದು ಅಂಟುರೋಗವಲ್ಲ. ಹೆಚ್ಚಿನವರಲ್ಲಿ ವಂಶದಿಂದ ಬಂದುದೂ ಅಲ್ಲ. ಬದುಕಿನ ನಡುವೆ ಯಾವುದೋ ಒಂದು ಕೋಶದಲ್ಲಾದ ಕೇಡು. ಫಾನ್ ಹಿಪ್ಪೆಲ್ 1904ರಲ್ಲಿಯೂ ಲಿಂಡೌ 1926ರಲ್ಲಿಯೂ ವರ್ಣಿಸಿದ, ಅವರ ಹೆಸರನ್ನೇ ಹೊತ್ತ ವಿರಳ ವ್ಯಾಧಿಯೊಂದು ಕುಲದಲ್ಲಿ ಹರಿಯುವುದುಂಟು. ತಂದೆತಾಯಿಗಳಲ್ಲಿ ಒಬ್ಬರಿಗೆ ಅದಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವವು ಅರ್ಧದಷ್ಟು. ಅಂತಹ ಮನೆಯವರು ಚಿಕ್ಕಂದಿನಿಂದಲೇ ವೈದ್ಯರ ಕಣ್ಗಾಪಿನಲ್ಲಿರಬೇಕು.

ಕಾರಣವನ್ನರಿತುದರಿಂದ ಮದ್ದೂ ದೊರೆಯಿತು. ಹಿಫ್ ತನ್ನ ಜೊತೆಗಾರನೊಡನೆ ಸೇರದಂತೆ ಮಾಡುವ ಬೆಲ್ಜುಟಿಫಾನ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2021ರಲ್ಲಿ ಆ ಕುಲವ್ಯಾಧಿಗೂ, 2023ರಲ್ಲಿ ಬೇರೆ ಚಿಕಿತ್ಸೆಗಳಿಗೆ ಬಗ್ಗದ, ಬಲಿತ ಮೂತ್ರಪಿಂಡದ ಅರ್ಬುದಕ್ಕೂ ಅನುಮತಿ ದೊರೆಯಿತು. ಆದರೆ ಡಂಗುರವನ್ನು ನಿಲ್ಲಿಸಿದರೆ ನಿಜವಾದ ಕೂಗೂ ನಿಲ್ಲುವುದಷ್ಟೆ. ಈ ಮದ್ದನ್ನು ಸೇವಿಸುವವರಲ್ಲಿ ರಕ್ತಹೀನತೆಯು ತೋರುವುದು ಸಾಮಾನ್ಯ.

ಮದ್ದಿಗಿಂತ ಮೊದಲು ಬೇಕಾದುದು ಎಚ್ಚರ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡು, ನೋವಿಲ್ಲದೆ, ತಾನಾಗಿ ನಿಂತರೆ ‘ಉಷ್ಣ’ವೆಂದು ಎಳನೀರು, ಬಾರ್ಲಿ ನೀರು ಕುಡಿದು ಮರೆಯುವುದು ನಮ್ಮ ಮನೆಗಳ ವಾಡಿಕೆ. ಅದು ಕಲ್ಲಿನಿಂದಲೂ ಸೋಂಕಿನಿಂದಲೂ ಆಗಿರಬಹುದು. ಆದರೂ ನೋವಿಲ್ಲದ ರಕ್ತವೇ ಹೆಚ್ಚು ವಿಚಾರಿಸತಕ್ಕದ್ದು. ಗಂಟು ಚಿಕ್ಕದಾಗಿದ್ದು ಮೂತ್ರಪಿಂಡದಲ್ಲಿಯೇ ಇದ್ದಾಗ ಶಸ್ತ್ರಚಿಕಿತ್ಸೆಯಿಂದ ಬಹಳ ಮಂದಿ ಗುಣಹೊಂದುವರು. ಹೊಗೆಸೊಪ್ಪನ್ನು ಸೇದದಿರುವುದು, ಮೈಯ ಬೊಜ್ಜನ್ನೂ ರಕ್ತದ ಒತ್ತಡವನ್ನೂ ಹತೋಟಿಯಲ್ಲಿಡುವುದು, ಇವು ನಮ್ಮ ಕೈಯೊಳಗಿನ ಮಾತು.

ತಡೆಯುವವನು ಕೆಟ್ಟುದರಿಂದ ಸುಳ್ಳು ಕೂಗು ಊರನ್ನು ಕೆಡಿಸಿತು; ಇದರಲ್ಲಿ ರೋಗಿಯ ಪಾಪವೆಲ್ಲಿಯದು? ‘ಅಂಟೀತು’, ‘ಪಾಪದ ಫಲ’ ಎಂಬವೂ ಅಂತಹವೇ ಸುಳ್ಳು ಡಂಗುರಗಳು. ಅವನ್ನು ನಿಲ್ಲಿಸಲು ಗುಳಿಗೆ ಬೇಕಿಲ್ಲ. ರೋಗಿಯ ತಟ್ಟೆಯನ್ನು ಮನೆಯವರೆಲ್ಲರ ಪಂಕ್ತಿಗೆ ತಂದಿಟ್ಟರೆ ಸಾಕು.