ಆಟದ ಅಂಗಣವೂ ಹದವಾಗಿರಲಿ

ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಆರಂಭವಾದೊಡನೆ ಮಂಡಿ ಊದಿಸಿಕೊಂಡ, ಪಾದದ ಕೀಲು ಉಳುಕಿಸಿಕೊಂಡ ಮಕ್ಕಳು ಚಿಕಿತ್ಸೆಗೆ ಬರುವುದನ್ನು ನಾವು ಬಹುಕಾಲದಿಂದ ಕಾಣುತ್ತಿದ್ದೇವೆ. ಅವರಲ್ಲಿ ಕಬಡ್ಡಿ, ಖೊಖೊ ಆಡುವವರೇ ಹೆಚ್ಚು. ತಂದೆತಾಯಿಗಳು ಮಗುವಿನ ಅಜಾಗರೂಕತೆಯನ್ನೋ ಎದುರಾಳಿಯ ಒರಟುತನವನ್ನೋ ದೂರುತ್ತಾರೆ. ಆಡಿದ ನೆಲ ಹೇಗಿತ್ತೆಂದು ಕೇಳುವವರು ವಿರಳ.

ತೆಂಗಿನ ಸೀಮೆಯವರಾದ ನಮಗೆ ನೆಲದ ಗುಣ ಹೊಸದಲ್ಲ. ಸುಲಿದ ಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಉತ್ತ ತೋಟದ ಮಣ್ಣಿನಲ್ಲಿ ಬಿದ್ದರೆ ಉಳಿಯುತ್ತದೆ. ಹಾಗೆಯೇ ಗಟ್ಟಿ ನೆಲವು ಹೆಜ್ಜೆಯ ಪೆಟ್ಟನ್ನು ತಾನು ಹೀರಿಕೊಳ್ಳದೆ ಹಿಮ್ಮಡಿಗೂ ಮಂಡಿಗೂ ಮರಳಿಸುತ್ತದೆ. ನೆಲದ ಹಿಡಿತವೂ ಅಷ್ಟೇ ಮುಖ್ಯ. ಹಿಡಿತವಿಲ್ಲದಿದ್ದರೆ ಆಟಗಾರ ಜಾರುತ್ತಾನೆ. ಅತಿಯಾದರೆ ಪಾದ ನೆಲಕ್ಕೆ ಕಚ್ಚಿಕೊಂಡು ದೇಹ ಮಾತ್ರ ತಿರುಗಿ, ಮಂಡಿಯೊಳಗಿನ ಅಸ್ಥಿರಜ್ಜು ಹರಿಯಬಹುದು. ಸುಶ್ರುತಾಚಾರ್ಯರು ಹೇಳಿರುವ 107 ಮರ್ಮಗಳಲ್ಲಿ ಪಾದದ ಕೀಲಿನ ಗುಲ್ಫಮರ್ಮವು ರುಜಾಕರ, ಅಂದರೆ ನೋವನ್ನುಂಟುಮಾಡುವಂಥದು. ಮಂಡಿಯ ಜಾನುಮರ್ಮವು ವೈಕಲ್ಯಕರ.

“ನಾವೂ ಮಣ್ಣಿನಲ್ಲಿಯೇ ಆಡಿ ಬೆಳೆದೆವು, ಏನಾಯಿತು?” ಎಂದು ಹಿರಿಯರು ಕೇಳುವುದುಂಟು. ಆದರೆ ಗರಡಿಮನೆಯ ಮಣ್ಣು ಜರಡಿ ಹಿಡಿದ ಕೆಮ್ಮಣ್ಣು. ಆಗಾಗ ಅಗೆದು ಹದಮಾಡಿ ಕಾಪಾಡಿದ್ದು. ಇಂದು ಎಷ್ಟೋ ಮೈದಾನಗಳು ವಾಹನಗಳ ಓಡಾಟದಿಂದ ಬಿಗಿದು, ಗರಸುಕಲ್ಲು ಮೇಲೆದ್ದಿವೆ. ಸುಣ್ಣದ ಗೆರೆ ಎಳೆದ ಮಾತ್ರಕ್ಕೆ ಅವು ಆಟದ ಅಂಗಣವಾಗವು.

2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ಎಲ್ಲೆಡೆಯೂ ಮ್ಯಾಟಿನ ಬೇಡಿಕೆ ಕೇಳಿಬರುತ್ತಿದೆ. ಬೀಳುವವನ ಮೈಯನ್ನು ಮ್ಯಾಟು ಕಾಯುತ್ತದೆ, ನಿಜ. ಆದರೆ ಅದರ ಮೇಲೆ ಶೂ ಧರಿಸಿ ಆಡುವಾಗ ಪಾದಕ್ಕೆ ಸಿಗುವ ಹಿಡಿತವೇ ಬೇರೆ. ವರ್ಷವಿಡೀ ಬರಿಗಾಲಿನಲ್ಲಿ ಮಣ್ಣಿನ ಮೇಲೆ ಅಭ್ಯಾಸ ಮಾಡಿದ ಮಗುವನ್ನು ಸ್ಪರ್ಧೆಯ ದಿನ ಏಕಾಏಕಿ ಮ್ಯಾಟಿನ ಮೇಲೆ ಇಳಿಸುವುದು ಅಪಾಯವೇ ಸರಿ. ಹಣದಿಂದ ಎಲ್ಲವೂ ಸರಿಹೋಗುವುದಿಲ್ಲ. ಕೆನಡಾದಲ್ಲಿ ನಡೆದ 2015ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪಿನ ಎಲ್ಲ ಪಂದ್ಯಗಳನ್ನೂ ಕೃತಕ ಹುಲ್ಲಿನ ಮೇಲೆ ಆಡಿಸುವ ನಿರ್ಧಾರವನ್ನು ಖ್ಯಾತ ಆಟಗಾರ್ತಿಯರೇ ವಿರೋಧಿಸಿದ್ದರು.

ಆದುದರಿಂದ ಮ್ಯಾಟಿಗೆ ದಾನಿಗಳನ್ನು ಹುಡುಕುವ ಮುನ್ನ ಇರುವ ಮಣ್ಣನ್ನು ಹದಗೊಳಿಸಬೇಕೆಂಬುದು ನಮ್ಮ ಅಭಿಪ್ರಾಯ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅರ್ಧ ಅಡಿ ಅಗೆದು, ಕಲ್ಲು ಆಯ್ದು, ಜರಡಿ ಹಿಡಿದ ಕೆಮ್ಮಣ್ಣಿಗೆ ಮರಳನ್ನೂ ಸ್ವಲ್ಪ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿ ಸಮಮಾಡಿ, ಆಟದ ಹಿಂದಿನ ಸಂಜೆ ನೀರು ಚಿಮುಕಿಸಿದರೆ ಸಾಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ನಾರಿನ ಪುಡಿಗೆ ಬರವಿಲ್ಲ. ಅದು ತೇವವನ್ನು ಹಿಡಿದಿಡುತ್ತದೆ. ಅಳತೆ ಮೀರಿದರೆ ನೆಲ ಜಾರುತ್ತದೆ.

ಇನ್ನೊಂದು ಎಚ್ಚರಿಕೆ. ಆಡುವಾಗ ಮಂಡಿಯಲ್ಲಿ ‘ಟಕ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ಹಚ್ಚಿ ನೀವಿಸಬಾರದು. ಕಾಲಿಗೆ ವಿಶ್ರಾಂತಿ ಕೊಟ್ಟು, ತಣ್ಣೀರಿನ ಪಟ್ಟಿ ಹಾಕಿ, ತಡಮಾಡದೆ ಮೂಳೆತಜ್ಞರಿಗೆ ತೋರಿಸಬೇಕು.

ಶರಣರಿಗೆ ಕಾಯವು ತಿರಸ್ಕಾರದ ವಸ್ತುವಲ್ಲ, ಕಾಯಕದ ಸಾಧನ. ಮುಂದಿನ ಕ್ರೀಡಾಕೂಟಕ್ಕೆ ಮುನ್ನ ಸದ್ಭಕ್ತರು ತಮ್ಮೂರಿನ ಶಾಲೆಯ ಅಂಗಣಕ್ಕೆ ಒಂದು ಭಾನುವಾರದ ಶ್ರಮದಾನ ಸಲ್ಲಿಸಬೇಕೆಂದು ವಿನಂತಿಸುತ್ತೇವೆ. ಗುದ್ದಲಿ, ಜರಡಿ ಎಲ್ಲರ ಮನೆಯಲ್ಲೂ ಇವೆ.